ಕುಪ್ಪಳಿಸಿದ ದೀಪ, ಮಾರಾಟವಾಗದ ಯಂತ್ರ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಕಾಸರಗೋಡಿನಲ್ಲಿ ಮಾಡಿದ ಭಾಷಣ)



ಜಾಹೀರಾತು ಎಂಬ ಮಾತನ್ನು ಆಡಿದೊಡನೆ ಹಿರಿಯರ ಹುಬ್ಬು ಕೊಂಚ ಗಂಟಿಕ್ಕುವುದೂ ಕಿರಿಯರ ಕಣ್ಣು ಕೊಂಚ ಅರಳುವುದೂ ಸಹಜ. ಬೇಡದ ವಸ್ತುವನ್ನು ಬೇಕೆನ್ನಿಸುವ ಮೋಡಿ ಅದು ಎಂದು ಹಿರಿಯರ ದೂರು. ದೂರದರ್ಶನದಲ್ಲಿ ಕುಣಿಯುವ ಬಿಸ್ಕತ್ತು, ಮಾತನಾಡುವ ಹಲ್ಲುಜ್ಜುವ ಬ್ರಷ್ಷು ಮುಂತಾದವುಗಳನ್ನು ಕಂಡು ನಲಿಯುವುದು ಕಿರಿಯರ ಸಂತೋಷ. ಈ ಎರಡನ್ನೂ ನಾನು ಅಲ್ಲಗಳೆಯಲಾರೆ. ಇಂದು ನಾನು ಹೇಳಹೊರಟಿರುವುದು ಒಂದೇ ಒಂದು ಜಾಹೀರಾತಿನ ಕಥೆ. ಅದು ಬಿಸ್ಕತ್ತಿನದಲ್ಲ, ಸಾಬೂನಿನದಲ್ಲ. ಕಂಪ್ಯೂಟರಿಗೆ ಜೋಡಿಸುವ ಒಂದು ಉಪಕರಣವನ್ನು ಮಾರುವ ಸಂಸ್ಥೆ ತನ್ನ ಸಾಮರ್ಥ್ಯವನ್ನು ಜನರಿಗೆ ತೋರಿಸಲೆಂದು 1986ರಲ್ಲಿ ಅಮೆರಿಕದಲ್ಲಿ ಮಾಡಿದ ಎರಡು ನಿಮಿಷದ ಅನಿಮೇಷನ್ ಚಿತ್ರ. ಅದರ ಹೆಸರು 'ಲಕ್ಸೊ ಜೂನಿಯರ್'. ಅದರಲ್ಲಿ ಬೆಲೆಯ ಮಾತಿಲ್ಲ, 'ಇಂದೇ ಕೊಳ್ಳಿರಿ' ಎಂಬ ಕೂಗಿಲ್ಲ, ಮಾರಬೇಕಾದ ಯಂತ್ರದ ಸುಳಿವೇ ಇಲ್ಲ. ಆದುದರಿಂದ ಇದನ್ನು ಜಾಹೀರಾತೆಂದು ಕರೆಯಬಹುದೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಅಂಗಡಿಯಾತನು ನಾಲ್ಕು ಜನರೆದುರಿಗೆ ಸೀರೆಯನ್ನು ಬಿಡಿಸಿ ಹಾಸಿ ತೋರಿಸುವುದೂ ಜಾಹೀರಾತೇ ಆಗುವುದಾದರೆ ಇದೂ ಜಾಹೀರಾತೇ ಎಂದು ನನ್ನ ಅಭಿಪ್ರಾಯ.

ಮೊದಲು ಆ ಉಪಕರಣವೇನೆಂಬುದನ್ನು ತಿಳಿಯೋಣ. 'ನಕ್ಷತ್ರ ಯುದ್ಧ'ದ ಚಿತ್ರಗಳನ್ನು ತೆಗೆದ ಜಾರ್ಜ್ ಲ್ಯೂಕಸ್ ಅವರು ತಮ್ಮ ಚಲಚ್ಚಿತ್ರ ಸಂಸ್ಥೆಯಲ್ಲಿ 1979ರಲ್ಲಿ ಒಂದು ಕಂಪ್ಯೂಟರ್ ವಿಭಾಗವನ್ನು ತೆರೆದರು. ಎಡ್ ಕ್ಯಾಟ್ಮಲ್, ಆಲ್ವಿ ರೇ ಸ್ಮಿತ್ ಮೊದಲಾದ ವಿಜ್ಞಾನಿಗಳು ಅಲ್ಲಿ ಸೇರಿ, ಛಾಯಾಚಿತ್ರದಷ್ಟೇ ಸೂಕ್ಷ್ಮವಾದ ಚಿತ್ರಗಳನ್ನು ಶೀಘ್ರವಾಗಿ ಸಂಸ್ಕರಿಸಬಲ್ಲ ಒಂದು ಯಂತ್ರವನ್ನು ಕಟ್ಟಿದರು. ಆ ಯಂತ್ರಕ್ಕೆ ಅವರಿಟ್ಟ ಹೆಸರು 'ಪಿಕ್ಸಾರ್'. ಹೌದು, ಇಂದು ಲೋಕವೆಲ್ಲ ಬಲ್ಲ ಆ ಸಂಸ್ಥೆಯ ಹೆಸರು ಮೊದಲು ಒಂದು ಪೆಟ್ಟಿಗೆಯ ಹೆಸರಾಗಿತ್ತು. ಈ ಪೆಟ್ಟಿಗೆ ತಾನೇ ತಾನಾಗಿ ದುಡಿಯಲಾರದು. ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಬೇಕು. ಅಪ್ಪಣೆ ಆ ಕಂಪ್ಯೂಟರಿನದು, ದುಡಿಮೆ ಇದರದು. ಬೆಲೆ 1,35,000 ಡಾಲರುಗಳು. ಜೊತೆಗಿರಬೇಕಾದ ಕಂಪ್ಯೂಟರಿಗೆ ಇನ್ನೂ ಸುಮಾರು 35,000 ಡಾಲರುಗಳು. ಆಸ್ಪತ್ರೆಗಳಲ್ಲಿ ದೇಹದ ಒಳಗಿನ ಚಿತ್ರಗಳನ್ನು ಪರಿಶೀಲಿಸುವವರು, ಕೃತಕ ಉಪಗ್ರಹಗಳು ತೆಗೆದ ಭೂಮಿಯ ಚಿತ್ರಗಳನ್ನು ಓದುವವರು ಇದನ್ನು ಕೊಳ್ಳುವರೆಂದು ನಿರೀಕ್ಷೆಯಿತ್ತು.

1986ರ ಫೆಬ್ರುವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಈ ವಿಭಾಗವನ್ನು ಲ್ಯೂಕಸ್ ಅವರಿಂದ 50 ಲಕ್ಷ ಡಾಲರಿಗೆ ಕೊಂಡು, ಮತ್ತೆ 50 ಲಕ್ಷವನ್ನು ಬಂಡವಾಳವಾಗಿ ಹೂಡಿ, ಪ್ರತ್ಯೇಕ ಸಂಸ್ಥೆಯನ್ನಾಗಿ ಮಾಡಿದರು. ಸುಮಾರು 40 ಮಂದಿಯ ಮನೆ. ಮಾರುವುದಕ್ಕೆ ಇರುವುದು ಈ ಯಂತ್ರ. ಮಾರಿದರೆ ಉಳಿವು, ಇಲ್ಲವಾದರೆ ಇಲ್ಲ.

ಈ ವಿಜ್ಞಾನಿಗಳ ನಡುವೆ ಚಿತ್ರಕಾರನೊಬ್ಬನಿದ್ದ. ಜಾನ್ ಲ್ಯಾಸೆಟರ್ ಎಂದು ಹೆಸರು. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಕಂಪ್ಯೂಟರಿನಿಂದ ಅನಿಮೇಷನ್ ಮಾಡಬಹುದೆಂದು ಹಟ ಹಿಡಿದು, ಅಲ್ಲಿಯ ಕೆಲಸವನ್ನು ಕಳೆದುಕೊಂಡವನು. ಕ್ಯಾಟ್ಮಲ್ ಅವರು ಅವನನ್ನು ಕರೆದುಕೊಂಡಾಗ 'ಅನಿಮೇಟರ್' ಎಂದು ನೇಮಿಸಿಕೊಳ್ಳುವುದಕ್ಕೆ ಧೈರ್ಯ ಸಾಲದೆ, ಕಂಪ್ಯೂಟರಿಗೂ ಮನುಷ್ಯನಿಗೂ ನಡುವಣ ಬಳಕೆಯ ವ್ಯವಸ್ಥೆಯನ್ನು ರೂಪಿಸುವವನು ಎಂಬರ್ಥದ ಹುದ್ದೆಯನ್ನು ಕೊಟ್ಟರಂತೆ! ಚಿತ್ರ ಬರೆಯುವವನಿಗೆ ಸಂಬಳ ಏಕೆ ಎಂದು ಮೇಲಿನವರು ಕೇಳಿಯಾರೆಂಬ ಅಂಜಿಕೆ. ಕಲಾವಿದರಿಗೆ ಇಂಥ ವೇಷಾಂತರಗಳು ಎಲ್ಲ ದೇಶಗಳಲ್ಲಿಯೂ ಬೇಕಾಗುತ್ತವೆಂದು ಕಾಣುತ್ತದೆ.

ಆಗಸ್ಟ್ ತಿಂಗಳಲ್ಲಿ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ 'ಸಿಗ್ರಾಫ್' ಎಂಬ ವಾರ್ಷಿಕ ಸಮ್ಮೇಳನ. ಕಂಪ್ಯೂಟರ್ ಚಿತ್ರಕಲೆಯಲ್ಲಿ ನುರಿತವರೆಲ್ಲ ನೆರೆಯುವ ಸ್ಥಳ. ಹೊಸ ಸಂಸ್ಥೆ ತನ್ನ ಕೌಶಲವನ್ನು ಅಲ್ಲಿ ತೋರಿಸಲೇಬೇಕು. ಆದರೆ ಕೈಯಲ್ಲಿದ್ದ ಕಾಲ ಅಲ್ಪ, ಜನ ಅಲ್ಪ, ಹಣ ಅಲ್ಪ. ಮನುಷ್ಯನನ್ನೋ ಪ್ರಾಣಿಯನ್ನೋ ಕಂಪ್ಯೂಟರಿನಲ್ಲಿ ರಚಿಸಿ ಆಡಿಸುವ ಮಾತು ಅಂದಿನ ಮಟ್ಟಿಗೆ ಎಟುಕುವಂಥದಲ್ಲ. ಹಾಗಾದರೆ ಏನನ್ನು ಆಡಿಸುವುದು?

ಲ್ಯಾಸೆಟರನ ಮೇಜಿನ ಮೇಲೆ ಒಂದು ದೀಪವಿತ್ತು. ನಕ್ಷೆ ಬರೆಯುವವರ ಮೇಜುಗಳ ಮೇಲೆ ನೀವೂ ಅಂಥದನ್ನು ಕಂಡಿರಬಹುದು: ಕೆಳಗೆ ದುಂಡನೆಯ ಭಾರವಾದ ಪೀಠ, ಅದರ ಮೇಲೆ ಕೀಲುಗಳಿಂದ ಕೂಡಿದ ಎರಡು ತೋಳುಗಳು, ತೋಳು ಬೀಳದಂತೆ ಹಿಡಿಯುವ ಸ್ಪ್ರಿಂಗುಗಳು, ತುದಿಯಲ್ಲಿ ಬಟ್ಟಲು ಕವುಚಿದಂಥ ತಲೆ, ಅದರೊಳಗೆ ಬಲ್ಬು. ನಾರ್ವೆ ದೇಶದ ಲಕ್ಸೊ ಎಂಬ ಕಂಪೆನಿಯ ದೀಪಗಳು ಈ ಬಗೆಯವು. ಚಿತ್ರಕ್ಕೆ ಹೆಸರು ಬಂದುದು ಅಲ್ಲಿಂದಲೇ. ಕಂಪ್ಯೂಟರಿನಲ್ಲಿ ವಸ್ತುವೊಂದರ ಆಕಾರವನ್ನು ಕಟ್ಟುವ ಅಭ್ಯಾಸಕ್ಕಾಗಿ ಲ್ಯಾಸೆಟರನು ಈ ದೀಪವನ್ನೇ ಅಳೆದು ಕಟ್ಟತೊಡಗಿದನು. ಗೋಳ, ಕೊಳವೆ, ಶಂಕು ಇವುಗಳಿಂದಲೇ ಆಗುವ ಶರೀರ. ಕಂಪ್ಯೂಟರಿಗೆ ಇದಕ್ಕಿಂತ ಸುಲಭವಾದ ಪಾತ್ರ ಸಿಗುವುದು ದುರ್ಲಭ.

ಅಷ್ಟರಲ್ಲಿ ಒಂದು ದಿನ ಸಹೋದ್ಯೋಗಿಯೊಬ್ಬರು ತಮ್ಮ ಎಳೆಯ ಮಗುವನ್ನು ಕಚೇರಿಗೆ ಕರೆತಂದರು. ಮಗುವನ್ನು ಆಡಿಸುತ್ತ ಲ್ಯಾಸೆಟರನು ಒಂದು ಸಂಗತಿಯನ್ನು ಗಮನಿಸಿದನು: ಮಗುವೆಂದರೆ ಕುಗ್ಗಿಸಿದ ದೊಡ್ಡ ಮನುಷ್ಯನಲ್ಲ. ಅದರ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕೈಕಾಲುಗಳು ಮೋಟು. ಹಾಗಾದರೆ ದೀಪಕ್ಕೂ ಒಂದು ಮಗುವಿದ್ದರೆ ಹೇಗಿರಬಹುದು? ದೊಡ್ಡ ದೀಪದ ಎಲ್ಲ ಅಳತೆಗಳನ್ನೂ ಅರ್ಧ ಮಾಡಿಬಿಟ್ಟರೆ ಸಣ್ಣ ದೀಪವಾದೀತು, ಮರಿದೀಪವಾಗದು. ತೋಳುಗಳ ಸರಳನ್ನು ಮೋಟುಮಾಡಿದನು. ಸ್ಪ್ರಿಂಗುಗಳ ಉದ್ದವನ್ನು ಕಡಿಮೆ ಮಾಡಿ ದಪ್ಪವನ್ನು ಹಾಗೆಯೇ ಉಳಿಸಿದನು. ಆದರೆ ಬಲ್ಬನ್ನು ಮಾತ್ರ ಮುಟ್ಟಲಿಲ್ಲ. ಏಕೆ? ಬಲ್ಬು ದೀಪದೊಂದಿಗೆ ಬೆಳೆಯುವ ಅಂಗವಲ್ಲ. ಅದನ್ನು ಅಂಗಡಿಯಿಂದ ತಂದು ಹಾಕುವುದು. ತಂದೆಗೂ ಮಗುವಿಗೂ ಒಂದೇ ಅಳತೆಯ ಬಲ್ಬು!

ಮಕ್ಕಳೆ, ಈ ಬಲ್ಬಿನ ಮಾತಿನ ಮೇಲೆ ಕ್ಷಣಕಾಲ ನಿಲ್ಲೋಣ. ದೀಪಕ್ಕೆ ಮಗು ಹುಟ್ಟುವುದು ಅಪ್ಪಟ ಕಲ್ಪನೆ. ಆ ಕಲ್ಪನೆಯ ಒಳಗೆ ಹೊಕ್ಕಮೇಲೆ ಈತನು ಎಷ್ಟು ನಿಷ್ಠುರವಾಗಿ ಸತ್ಯವನ್ನು ಪಾಲಿಸಿದನು ನೋಡಿ. ಪುರಾಣದ ಕಥೆಯನ್ನು ಬರೆಯುವಾಗ ಹತ್ತು ತಲೆಯ ರಾವಣನನ್ನು ಒಪ್ಪುತ್ತೇವೆ; ಆದರೆ ಅವನು ಮಗನನ್ನು ಕಳೆದುಕೊಂಡಾಗ ಅಳದೆ ನಕ್ಕರೆ ಒಪ್ಪುವುದಿಲ್ಲ. ಜಾಹೀರಾತಿನಲ್ಲಿಯೂ ಕಲ್ಪನೆಗೂ ಸುಳ್ಳಿಗೂ ಇರುವ ಅಂತರ ಇದೇ. ದೀಪ ನಡೆಯಿತೆಂದು ತೋರಿಸಿದರೆ ಯಾರೂ ಮೋಸಹೋಗುವುದಿಲ್ಲ. ಹತ್ತು ಗಂಟೆ ಉರಿಯುವ ದೀಪವನ್ನು ನೂರು ಗಂಟೆ ಉರಿಯುವುದೆಂದು ತೋರಿಸಿದರೆ ಬಡವನ ಹಣ ಹೋಗುತ್ತದೆ. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಧಾರದ ಮೇಲೆ, ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಹೊರಡಿಸಿದ ನಿಯಮಗಳು ಹಿಡಿಯಹೊರಟಿರುವುದು ಈ ಎರಡನೆಯ ಬಗೆಯನ್ನು. ಮಕ್ಕಳಿಗಾಗಿ ಮಾಡುವ ಜಾಹೀರಾತುಗಳ ವಿಷಯವೂ ಅದರಲ್ಲಿ ಪ್ರತ್ಯೇಕವಾಗಿ ಇದೆ. ಪೋಷಕರು ಅದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಕಥೆಗೆ ಬರೋಣ. ಲ್ಯಾಸೆಟರನು ಮೊದಲು ಮಾಡಿದ್ದು ದೀಪವು ಅತ್ತಿತ್ತ ಬಾಗುವ ಚಿಕ್ಕದೊಂದು ಪರೀಕ್ಷೆಯಷ್ಟೆ. ಅದನ್ನು ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ನಡೆದ ಅನಿಮೇಷನ್ ಉತ್ಸವಕ್ಕೆ ಕೊಂಡೊಯ್ದಾಗ, ಅಲ್ಲಿಯ ಪ್ರಸಿದ್ಧ ಕಲಾವಿದ ರವೂಲ್ ಸೆರ್ವೆ ಅವರು ನೋಡಿ, ಇದಕ್ಕೊಂದು ಕಥೆ ಬೇಕು ಎಂದರು. ಇಷ್ಟು ಚಿಕ್ಕ ಚಿತ್ರದಲ್ಲಿ ಕಥೆ ಹೇಗೆ ಎಂದು ಲ್ಯಾಸೆಟರನು ಕೇಳಿದನು. ಹತ್ತು ಸೆಕೆಂಡುಗಳಲ್ಲಿಯೂ ಕಥೆ ಹೇಳಬಹುದು, ಆದಿ ಮಧ್ಯ ಅಂತ್ಯಗಳಿದ್ದರೆ ಸಾಕು ಎಂಬುದು ಆ ಹಿರಿಯರ ಉತ್ತರ.

ಹೀಗೆ ಹುಟ್ಟಿದ ಕಥೆ ಇಷ್ಟೆ. ಮೇಜಿನ ಮೇಲೆ ದೊಡ್ಡ ದೀಪವೊಂದು ನಿಂತಿದೆ. ಎಲ್ಲಿಂದಲೋ ಒಂದು ಪುಟ್ಟ ಚೆಂಡು ಉರುಳಿ ಬರುತ್ತದೆ. ದೀಪ ಅದನ್ನು ಬಗ್ಗಿ ನೋಡಿ ಮೆಲ್ಲನೆ ಹಿಂದಕ್ಕೆ ತಳ್ಳುತ್ತದೆ. ಚೆಂಡು ಮತ್ತೆ ಬರುತ್ತದೆ. ಅದರ ಹಿಂದೆ ಕುಪ್ಪಳಿಸುತ್ತ ಮರಿದೀಪ! ಚೆಂಡನ್ನು ಅಟ್ಟಿ, ಅದರ ಮೇಲೆ ಹತ್ತಿ, ಕುಣಿದು ಕುಣಿದು, ಕಡೆಗೆ ಚೆಂಡಿನ ಗಾಳಿ ಹೋಗಿ ಚಪ್ಪಟೆಯಾಗುತ್ತದೆ. ಮರಿ ತಲೆತಗ್ಗಿಸಿ ಹೊರಟುಹೋಗುತ್ತದೆ. ಅನಂತರ ಏನಾಗುವುದೆಂಬುದನ್ನು ನಾನು ಹೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೀವೇ ನೋಡುವಿರಿ.

ಈಗ ಮಾಡುವ ಬಗೆಯನ್ನು ನೋಡೋಣ. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣಮುಂದೆ ಹಾಯುತ್ತವೆ. ಒಂದು ನಿಮಿಷಕ್ಕೆ 1,440. ಹಿಂದೆ ಇವೆಲ್ಲವನ್ನೂ ಕೈಯಿಂದ ಬರೆಯುತ್ತಿದ್ದರು: ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆದರೆ, ನಡುವಣ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು. ಕಂಪ್ಯೂಟರು ಬಂದಮೇಲೆ ಈ ಸಹಾಯಕರ ಕೆಲಸವನ್ನು ಅದು ವಹಿಸಿಕೊಂಡಿತು. ಮೊದಲನೆಯ ಚಿತ್ರದಲ್ಲಿ ಕೀಲು ಇಷ್ಟು ಬಾಗಿದೆ, ಹನ್ನೆರಡನೆಯದರಲ್ಲಿ ಇಷ್ಟು ಎಂದು ಹೇಳಿಬಿಟ್ಟರೆ ನಡುವಣ ಹತ್ತನ್ನು ಅದೇ ಲೆಕ್ಕಹಾಕುತ್ತದೆ. ಹಾಗಾದರೆ ಕಲಾವಿದನಿಗೆ ಏನು ಉಳಿಯಿತು? ಎಲ್ಲವೂ ಉಳಿಯಿತೆಂದೇ ಹೇಳಬೇಕು. ಹತ್ತು ಚಿತ್ರಗಳಲ್ಲಿ ಚಲನೆಯನ್ನು ಸಮವಾಗಿ ಹಂಚಿಬಿಟ್ಟರೆ ಗಡಿಯಾರದ ಮುಳ್ಳು ಚಲಿಸಿದಂತಿರುತ್ತದೆ, ಪ್ರಾಣಿ ಚಲಿಸಿದಂತಿರುವುದಿಲ್ಲ. ಜೀವವುಳ್ಳದ್ದು ನಿಧಾನವಾಗಿ ಹೊರಟು, ವೇಗಗೊಂಡು, ಮತ್ತೆ ನಿಧಾನವಾಗಿ ನಿಲ್ಲುತ್ತದೆ. ಕುಪ್ಪಳಿಸುವುದಕ್ಕೆ ಮುಂಚೆ ಕುಗ್ಗುತ್ತದೆ. ಬೇಕಾದರೆ ನಿಮ್ಮ ಮನೆಯ ಅಂಗಳದಲ್ಲಿ ಗೋಡೆಗೆ ಹಾರುವ ಬೆಕ್ಕನ್ನು ನೋಡಿ: ಹಾರುವ ಮೊದಲು ಹಿಂಗಾಲಿನ ಮೇಲೆ ಕುಳಿತು ಮೈಯನ್ನು ಹೇಗೆ ಸೆಳೆದುಕೊಳ್ಳುತ್ತದೆ! ಮರಿದೀಪವೂ ಪ್ರತಿಯೊಂದು ನೆಗೆತಕ್ಕೆ ಮುಂಚೆ ಕೀಲುಗಳನ್ನು ಮಡಿಸಿ ಕುಗ್ಗುತ್ತದೆ. ರಬ್ಬರಿನ ಬೊಂಬೆಯಾದರೆ ಮೈಯನ್ನೇ ಹಿಂಜಬಹುದು. ದೀಪದ ಸರಳು ಲೋಹದ್ದು, ಅದನ್ನು ಹಿಂಜುವಂತಿಲ್ಲ. ಆದುದರಿಂದ ಕುಗ್ಗುವುದೂ ಹಿಗ್ಗುವುದೂ ಎಲ್ಲ ಕೀಲಿನಲ್ಲಿಯೇ. ಲ್ಯಾಸೆಟರನು ಮರುವರ್ಷ, 1987ರಲ್ಲಿ, ಈ ವಿಷಯಗಳನ್ನೆಲ್ಲ ಒಂದು ಲೇಖನವಾಗಿ ಬರೆದು ಅದೇ ಸಮ್ಮೇಳನದಲ್ಲಿ ಓದಿದನು. ಡಿಸ್ನಿಯ ಹಳೆಯ ಕಲಾವಿದರು ಕೈಬರೆಹದಿಂದ ಕಂಡುಕೊಂಡಿದ್ದ ಸೂತ್ರಗಳು ಕಂಪ್ಯೂಟರಿಗೂ ಹಾಗೆಯೇ ಅನ್ವಯಿಸುತ್ತವೆಂಬುದು ಅದರ ಸಾರ. ಯಂತ್ರ ಹೊಸತಾದರೂ ಬೆಕ್ಕು ಹಳೆಯದೇ ಅಲ್ಲವೆ?

ದೊಡ್ಡ ದೀಪ ದೊಡ್ಡದೆಂದು ನಮಗೆ ತಿಳಿಯುವುದು ಅಳತೆಯಿಂದ ಮಾತ್ರವಲ್ಲ, ಅದರ ನಿಧಾನದಿಂದ. ಅದು ತಲೆಯನ್ನು ತಿರುಗಿಸುವುದರಲ್ಲಿಯೇ ಒಂದು ತೂಕವಿದೆ, ಒಂದು ತಾಳ್ಮೆಯಿದೆ. ಮರಿಯದು ಎಲ್ಲವೂ ಚುರುಕು. ಇಬ್ಬರಿಗೂ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಆದರೂ ಇದು ಬೆರಗು, ಇದು ಗದರಿಕೆ, ಇದು ನಾಚಿಕೆ ಎಂದು ಮೂರು ವರ್ಷದ ಮಗುವೂ ಹೇಳಬಲ್ಲುದು. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಬೊಂಬೆಯ ಮರದ ಮುಖದಲ್ಲಿ ಕೆತ್ತಿದ ಭಾವ ಒಂದೇ. ಸೂತ್ರಧಾರನು ಅದರ ತಲೆಯನ್ನು ಒಂದಿಷ್ಟು ವಾಲಿಸಿದನೆಂದರೆ ಅದೇ ಮುಖದಲ್ಲಿ ಶೋಕ ಕಾಣುತ್ತದೆ, ಎತ್ತಿದನೆಂದರೆ ಗರ್ವ ಕಾಣುತ್ತದೆ. ನೋಡುವವನ ಮನಸ್ಸು ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಲಕ್ಸೊ ದೀಪದ ಸೂತ್ರಗಳು ಕಾಣದ ಅಂಕಿಗಳು; ಅಷ್ಟೇ ವ್ಯತ್ಯಾಸ. ಧ್ವನಿಯೂ ಹಾಗೆಯೇ: ಗ್ಯಾರಿ ರೈಡ್‌ಸ್ಟ್ರಾಮ್ ಅವರು ಜೋಡಿಸಿದ ಶಬ್ದದಲ್ಲಿ ಒಂದಕ್ಷರದ ಮಾತಿಲ್ಲ, ಲೋಹದ ಕಿರುಗುಟ್ಟುವಿಕೆಯೇ ಆ ಪಾತ್ರಗಳ ದನಿ.

ಸಮ್ಮೇಳನಕ್ಕೆ ಬರುವ ಪಂಡಿತರು ಮೆಚ್ಚಬೇಕಾದ ವಿಷಯ ಬೇರೊಂದು ಇತ್ತು; ಅದು ನೆರಳು. ಗಣಿತದಲ್ಲಿ ಆಸಕ್ತಿಯುಳ್ಳ ಹುಡುಗ ಹುಡುಗಿಯರು ಇದನ್ನು ಗಮನವಿಟ್ಟು ಕೇಳಬೇಕು. ಕಂಪ್ಯೂಟರಿನ ಚಿತ್ರದಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ಅಲ್ಲಿ ದೀಪವೂ ಅಂಕಿ, ಚೆಂಡೂ ಅಂಕಿ, ಮೇಜೂ ಅಂಕಿ. ಬೆಳಕು ಚೆಂಡಿಗೆ ತಾಗಿ ನಿಲ್ಲಬೇಕೆಂದು ಅದಕ್ಕೆ ಯಾರು ಹೇಳಬೇಕು? ಲ್ಯಾನ್ಸ್ ವಿಲಿಯಮ್ಸ್ ಎಂಬವರು 1978ರಲ್ಲಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಹೇಳಿದ್ದರು. ಮೊದಲು ದೀಪ ಇರುವ ಸ್ಥಾನದಲ್ಲಿ ಕಣ್ಣನ್ನಿಟ್ಟು ನೋಡು. ಅಲ್ಲಿಂದ ಪ್ರತಿಯೊಂದು ದಿಕ್ಕಿನಲ್ಲಿಯೂ ಮೊಟ್ಟಮೊದಲು ಎದುರಾಗುವ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆದು ಪಟ್ಟಿಮಾಡಿಟ್ಟುಕೊ. ಆಮೇಲೆ ಪ್ರೇಕ್ಷಕನ ಸ್ಥಾನಕ್ಕೆ ಬಂದು ಚಿತ್ರವನ್ನು ಬರೆ. ಬರೆಯುವಾಗ ಪ್ರತಿಯೊಂದು ಬಿಂದುವಿನಲ್ಲಿಯೂ ನಿಂತು ಕೇಳು: ಈ ಬಿಂದು ದೀಪದಿಂದ ಎಷ್ಟು ದೂರ? ಪಟ್ಟಿಯಲ್ಲಿ ಬರೆದ ದೂರದಷ್ಟೇ ಇದ್ದರೆ ದೀಪಕ್ಕೆ ಕಂಡದ್ದು ಇದೇ ಬಿಂದು, ಇಲ್ಲಿ ಬೆಳಕಿದೆ. ಅದಕ್ಕಿಂತ ಹೆಚ್ಚಾಗಿದ್ದರೆ ನಡುವೆ ಯಾವುದೋ ವಸ್ತು ಅಡ್ಡ ಬಂದಿದೆ, ಇಲ್ಲಿ ನೆರಳು. ಚೌತಿಯ ರಾತ್ರಿಯೋ ದೀಪಾವಳಿಯ ರಾತ್ರಿಯೋ ಹಣತೆಯ ಹಿಂದೆ ತಲೆಯನ್ನಿಟ್ಟು ನೋಡಿದರೆ, ಹಣತೆಗೆ ಕಾಣುವುದೆಲ್ಲ ಬೆಳಗಿರುವುದನ್ನೂ ಕಾಣದಿರುವುದೆಲ್ಲ ಕತ್ತಲಾಗಿರುವುದನ್ನೂ ನೀವೇ ಕಂಡುಕೊಳ್ಳಬಹುದು.

ಆದರೆ ಆ ಉಪಾಯದಲ್ಲಿ ಒಂದು ಕೊರತೆ: ನೆರಳಿನ ಅಂಚು ಗರಗಸದ ಹಲ್ಲಿನಂತೆ ಮೊನಚುಮೊನಚಾಗುತ್ತಿತ್ತು. ಪಿಕ್ಸಾರಿನ ವಿಲಿಯಂ ರೀವ್ಸ್ ಅವರು ಸಂಗಡಿಗರೊಡನೆ ಸೇರಿ, ಒಂದು ಬಿಂದುವನ್ನು ಮಾತ್ರ ಕೇಳದೆ ಅದರ ಸುತ್ತಣ ಹಲವು ಬಿಂದುಗಳನ್ನೂ ಕೇಳಿ, ಎಷ್ಟು ಪಾಲು ಬೆಳಕು ಎಷ್ಟು ಪಾಲು ಕತ್ತಲು ಎಂದು ಸರಾಸರಿ ತೆಗೆಯುವ ಕ್ರಮವನ್ನು ರೂಪಿಸಿದರು. ಆಗ ಅಂಚು ಮೆತ್ತಗಾಯಿತು, ನಿಜವಾದ ನೆರಳಿನಂತಾಯಿತು. ಕಥೆಗೆ ದೀಪಗಳೇ ಪಾತ್ರಗಳಾದುದರ ಸೊಗಸು ಇಲ್ಲಿದೆ. ಪಾತ್ರವೇ ಬೆಳಕಿನ ಮೂಲ. ಪಾತ್ರವು ತಲೆಯಾಡಿಸಿದಂತೆಲ್ಲ ನೆರಳುಗಳೂ ಆಡಬೇಕು. ತಂದೆಯ ಬೆಳಕು ಮಗುವಿನ ಮೇಲೆ, ಮಗುವಿನ ನೆರಳು ಮೇಜಿನ ಮೇಲೆ. ಹೊಸ ಕ್ರಮವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಕಠಿಣವಾದ ಪಂದ್ಯವನ್ನು ಅವರು ಆರಿಸಿಕೊಳ್ಳುವಂತಿರಲಿಲ್ಲ. ಉಳಿದುದರಲ್ಲಿ ಮಾತ್ರ ಅತ್ಯಂತ ಮಿತವ್ಯಯ: ಹಿನ್ನೆಲೆಯೆಂದರೆ ಬರಿಯ ಕತ್ತಲು, ಕ್ಯಾಮರಾ ಮೊದಲಿನಿಂದ ಕಡೆಯವರೆಗೂ ನಿಂತಲ್ಲಿಂದ ಅಲುಗುವುದಿಲ್ಲ. ಕಾಲವಿಲ್ಲದ್ದರಿಂದ ಹೀಗಾಯಿತು. ಬಡತನ ಕೆಲವೊಮ್ಮೆ ಕಲೆಗೆ ಉಪಕಾರ ಮಾಡುತ್ತದೆ. ಯಾವಾಗಲೂ ಅಲ್ಲ, ಕೆಲವೊಮ್ಮೆ. ಲ್ಯಾಸೆಟರನು ಹಾಸಿಗೆಚೀಲವನ್ನು ಕಚೇರಿಗೇ ತಂದು, ಮೇಜಿನ ಕೆಳಗೆ ಮಲಗಿ ಎದ್ದು ಕೆಲಸಮಾಡಿದನೆಂದು ಹೇಳುತ್ತಾರೆ.

ಡಲ್ಲಾಸಿನಲ್ಲಿ ಚಿತ್ರವನ್ನು ತೋರಿಸಿದಾಗ ಅದು ಮುಗಿಯುವುದಕ್ಕೆ ಮೊದಲೇ ಸಭೆ ಎದ್ದು ಚಪ್ಪಾಳೆ ತಟ್ಟಿತು. ಅನಂತರ ಕಂಪ್ಯೂಟರ್ ಚಿತ್ರಶಾಸ್ತ್ರದಲ್ಲಿ ಬಹು ಹೆಸರಾದ ಜಿಮ್ ಬ್ಲಿನ್ ಅವರು ಲ್ಯಾಸೆಟರನ ಕಡೆಗೆ ಬರುತ್ತಿರುವುದು ಕಾಣಿಸಿತು. ನೆರಳಿನ ಗಣಿತದ ವಿಷಯವಾಗಿ ಏನನ್ನೋ ಕೇಳುವರು, ಉತ್ತರ ಗೊತ್ತಿಲ್ಲವಲ್ಲ ಎಂದು ಲ್ಯಾಸೆಟರನಿಗೆ ದಿಗಿಲು. ಅವರು ಕೇಳಿದ್ದು ಇದು: ಆ ದೊಡ್ಡ ದೀಪ ತಾಯಿಯೊ, ತಂದೆಯೊ? ಲ್ಯಾಸೆಟರನು ತನ್ನ ಲೇಖನದಲ್ಲಿ ಅದನ್ನು ತಂದೆಯೆಂದೇ ಕರೆದಿದ್ದಾನೆ. ಆದರೆ ಗಣಿತಜ್ಞನೊಬ್ಬನು ಗಣಿತವನ್ನು ಮರೆತು ಹಾಗೆ ಕೇಳಿದನಲ್ಲ, ಅದೇ ಚಿತ್ರಕ್ಕೆ ದೊರೆತ ಮೊದಲನೆಯ ಬಿರುದು. ಆ ವರ್ಷದ ಚಿತ್ರಗಳಿಗಾಗಿ 1987ರಲ್ಲಿ ಕೊಟ್ಟ ಆಸ್ಕರ್ ಪ್ರಶಸ್ತಿಗೆ ಇದರ ಹೆಸರೂ ಸೂಚಿತವಾಯಿತು. ಕಂಪ್ಯೂಟರಿನಲ್ಲಿ ಮಾಡಿದ ಮೂರು ಆಯಾಮದ ಅನಿಮೇಷನ್ ಚಿತ್ರವೊಂದಕ್ಕೆ ಆ ಮನ್ನಣೆ ಅದೇ ಮೊದಲು. ಪ್ರಶಸ್ತಿ ಮಾತ್ರ ಬೆಲ್ಜಿಯಂ ದೇಶದ ಬೇರೊಂದು ಚಿತ್ರಕ್ಕೆ ಹೋಯಿತು.

ಹಾಗಾದರೆ ಯಂತ್ರ ಮಾರಾಟವಾಯಿತೆ? ಇಲ್ಲ. ಒಟ್ಟು ಮಾರಾಟವಾದದ್ದು ಮುನ್ನೂರನ್ನೂ ಮುಟ್ಟಲಿಲ್ಲ. ಕೊಂಡವರಲ್ಲಿ ಮುಖ್ಯರು ಡಿಸ್ನಿ ಸಂಸ್ಥೆಯವರೇ. ತಮ್ಮ ಕೈಬರೆಹದ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಅದನ್ನು ಬಳಸಿದರು. ಜಾಬ್ಸ್ ಅವರು ವರ್ಷವರ್ಷವೂ ಕೈಯಿಂದ ಹಣ ಹಾಕಬೇಕಾಯಿತು. 1988ರಲ್ಲಿ ವೆಚ್ಚವನ್ನು ಕಡಿತಮಾಡುವ ಸಭೆಯೊಂದರ ಕಡೆಯಲ್ಲಿ ಮತ್ತೊಂದು ಚಿಕ್ಕ ಚಿತ್ರಕ್ಕಾಗಿ ಹಣ ಕೇಳುವುದಕ್ಕೆ ಎಲ್ಲರಿಗೂ ಸಂಕೋಚ. ಕೇಳಿದಾಗ ಅವರು ಚಿತ್ರದ ಕಥಾಫಲಕವನ್ನು ನೋಡಿ ಒಪ್ಪಿದರು. ಆ ಚಿತ್ರ 'ಟಿನ್ ಟಾಯ್'. ಅದಕ್ಕೆ ಆಸ್ಕರ್ ಬಂದಿತು. ಆದರೂ ಯಂತ್ರ ಮಾರುವ ವಿಭಾಗವನ್ನು 1990ರಲ್ಲಿ 20 ಲಕ್ಷ ಡಾಲರಿಗೆ ಬೇರೆಯವರಿಗೆ ಕೊಟ್ಟುಬಿಡಬೇಕಾಯಿತು. ಮರುವರ್ಷ ಸಿಬ್ಬಂದಿಯಲ್ಲಿ ಹಲವರು ಕೆಲಸ ಕಳೆದುಕೊಂಡರು. ಅವರೂ ಸಂಸಾರವಂದಿಗರು, ಆ ವರ್ಷ ಅವರ ಮನೆಗಳಲ್ಲಿ ಏನಾಗಿರಬಹುದೆಂಬುದನ್ನು ಪೋಷಕರಿಗೆ ನಾನು ಬಿಡಿಸಿ ಹೇಳಬೇಕಾದದ್ದಿಲ್ಲ.

ಜಾಹೀರಾತು ಸೋತಿತೆಂದು ಹೇಳೋಣವೆ? ನನಗೆ ಹಾಗೆ ತೋರುವುದಿಲ್ಲ. ಸಂಸ್ಥೆಯವರು ಮಾರುತ್ತಿದ್ದುದು ಪೆಟ್ಟಿಗೆಯನ್ನು. ಚಿತ್ರವು ಲೋಕಕ್ಕೆ ತೋರಿಸಿದ್ದು ಪೆಟ್ಟಿಗೆಯನ್ನಲ್ಲ. ರೀವ್ಸ್ ಅವರ ಗಣಿತವನ್ನು, ಲ್ಯಾಸೆಟರನ ಕಣ್ಣನ್ನು, ಆ ಎರಡೂ ಒಂದೇ ಮನೆಯಲ್ಲಿ ಊಟಮಾಡುತ್ತಿದ್ದುದನ್ನು. ತನ್ನ ಮನೆಯಲ್ಲಿ ನಿಜವಾಗಿ ಬೆಲೆಬಾಳುವ ವಸ್ತು ಯಾವುದೆಂಬುದು ಯಜಮಾನರಿಗೆ ತಿಳಿಯುವ ಮೊದಲೇ ಜಾಹೀರಾತಿಗೆ ತಿಳಿದುಬಿಟ್ಟಿತ್ತು. ನೋಡಿದವರು ಯಂತ್ರವನ್ನು ಕೇಳಿಕೊಂಡು ಬರಲಿಲ್ಲ. ನಮ್ಮ ಸರಕಿಗೂ ಇಂಥದೊಂದು ಚಿತ್ರವನ್ನು ಮಾಡಿಕೊಡುವಿರಾ ಎಂದು ಕೇಳಿಕೊಂಡು ಬಂದರು. 1989ರಿಂದ ಪಿಕ್ಸಾರ್ ಬೇರೆಯವರಿಗಾಗಿ ದೂರದರ್ಶನದ ಜಾಹೀರಾತುಗಳನ್ನು ಮಾಡತೊಡಗಿತು: ಹಣ್ಣಿನ ರಸದ ಪೆಟ್ಟಿಗೆ, ಬಾಯಿ ಮುಕ್ಕಳಿಸುವ ಔಷಧದ ಸೀಸೆ, ಬಣ್ಣಬಣ್ಣದ ಮಿಠಾಯಿ. ಸೀಸೆಯನ್ನು ಮುಷ್ಟಿಯುದ್ಧದ ಜಟ್ಟಿಯನ್ನಾಗಿ ಮಾಡಿ ಆಡಿಸಿದರು. ಈ ಕೆಲಸಕ್ಕಾಗಿಯೇ 1990ರಲ್ಲಿ ಆಂಡ್ರ್ಯೂ ಸ್ಟಾಂಟನ್, ಪೀಟ್ ಡಾಕ್ಟರ್ ಎಂಬ ಇಬ್ಬರು ತರುಣರನ್ನು ಸೇರಿಸಿಕೊಂಡರು. ನಿಮ್ಮಲ್ಲಿ ಹಲವರು ನೋಡಿರುವ 'ಫೈಂಡಿಂಗ್ ನೀಮೊ'ವನ್ನು 2003ರಲ್ಲಿ ನಿರ್ದೇಶಿಸಿದವರು ಈ ಸ್ಟಾಂಟನ್. ಸಂಬಳದ ಖರ್ಚಿಗಾಗಿ ಸೀಸೆ ಕುಣಿಸುತ್ತಿದ್ದವರ ಕೈ ಹೀಗೆ ಪಳಗಿತು. 1995ರ ನವೆಂಬರಿನಲ್ಲಿ, ಪೂರ್ತಿಯಾಗಿ ಕಂಪ್ಯೂಟರಿನಲ್ಲಿಯೇ ಮಾಡಿದ ಮೊದಲನೆಯ ಪೂರ್ಣಪ್ರಮಾಣದ ಕಥಾಚಿತ್ರ 'ಟಾಯ್ ಸ್ಟೋರಿ' ಅದೇ ಮನೆಯಿಂದ ಹೊರಬಂದಿತು. ಮರುವರ್ಷ ಜಾಹೀರಾತು ಮಾಡುವುದನ್ನು ನಿಲ್ಲಿಸಿದರು. 2006ರಲ್ಲಿ ಡಿಸ್ನಿ ಸಂಸ್ಥೆ, ಹಿಂದೆ ಲ್ಯಾಸೆಟರನನ್ನು ಹೊರಗೆ ಕಳಿಸಿದ ಅದೇ ಡಿಸ್ನಿ, ಪಿಕ್ಸಾರನ್ನು 740 ಕೋಟಿ ಡಾಲರುಗಳ ಮೌಲ್ಯಕ್ಕೆ ಕೊಂಡಿತು. ಆ ಪೆಟ್ಟಿಗೆಯನ್ನು ಇಂದು ಕಾಣಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮರಿದೀಪ ಮಾತ್ರ ಪಿಕ್ಸಾರಿನ ಪ್ರತಿಯೊಂದು ಕಥಾಚಿತ್ರದ ಆರಂಭದಲ್ಲಿಯೂ ಕುಪ್ಪಳಿಸಿ ಬಂದು, ಸಂಸ್ಥೆಯ ಹೆಸರಿನ ಒಂದು ಅಕ್ಷರವನ್ನು ತುಳಿದು ಚಪ್ಪಟೆಮಾಡಿ, ನಮ್ಮ ಕಡೆಗೆ ತಿರುಗಿ ನೋಡುತ್ತದೆ.

ಇದೆಲ್ಲ ಲಕ್ಷಾಂತರ ಡಾಲರುಗಳ ಮಾತು, ನಮಗೇನು ಎಂದು ಮಕ್ಕಳು ಅಂದುಕೊಳ್ಳಬೇಡಿರಿ. ನೆದರ್ಲ್ಯಾಂಡ್ಸ್ ದೇಶದ ಟಾನ್ ರೂಸೆಂಡಾಲ್ ಎಂಬವರು 1994ರಲ್ಲಿ 'ಬ್ಲೆಂಡರ್' ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಅದನ್ನು ನಡೆಸುತ್ತಿದ್ದ ಕಂಪೆನಿ ಮುಚ್ಚಿದಾಗ, ಹಣ ಹೂಡಿದವರು 1,00,000 ಯೂರೊ ಕೊಟ್ಟರೆ ಅದನ್ನು ಬಿಟ್ಟುಕೊಡುವೆವು ಎಂದರು. ಬಳಸುತ್ತಿದ್ದ ಸಾಮಾನ್ಯ ಜನರು ಚಂದಾ ಎತ್ತಿ ಏಳೇ ವಾರಗಳಲ್ಲಿ ಆ ಹಣವನ್ನು ಕೂಡಿಸಿದರು. 2002ರ ಅಕ್ಟೋಬರಿನಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಚಂದಾ ಎತ್ತಿ ಶಾಲೆ ನಡೆಸುವ ನಮ್ಮ ಸಂಘದವರಿಗೆ ಈ ಸಂಗತಿ ಹಿತವೆನಿಸಿದರೆ ಆಶ್ಚರ್ಯವಿಲ್ಲ. ಅಂದು ಡಲ್ಲಾಸಿನಲ್ಲಿ ಬೆರಗುಹುಟ್ಟಿಸಿದ ನೆರಳಿನ ಲೆಕ್ಕವನ್ನು ಇಂದು ಸಾಮಾನ್ಯ ಕಂಪ್ಯೂಟರಿನಲ್ಲಿ ಯಾರಾದರೂ, ಒಂದು ಕಾಸೂ ಕೊಡದೆ, ಮಾಡಬಹುದು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ 'ಲಿಟ್ಲ್ ಕೈಟ್ಸ್' ಘಟಕಗಳಲ್ಲಿ ಅನಿಮೇಷನ್ ಕೂಡ ಕಲಿಕೆಯ ವಿಷಯವಾಗಿದೆ. ನಿಮ್ಮಲ್ಲಿ ಅದರ ಸದಸ್ಯರಿರುವವರು ಕೈಯೆತ್ತಲಿ ನೋಡೋಣ. ಸಂತೋಷ.

ಕೈಯೆತ್ತಿದವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಶಾಲೆಯ ಕಂಪ್ಯೂಟರಿನ ಮೌಸನ್ನು ಪಾತ್ರವನ್ನಾಗಿ ಮಾಡಿಕೊಂಡು ಹತ್ತು ಸೆಕೆಂಡಿನ ಒಂದು ಜಾಹೀರಾತನ್ನು ಮಾಡಿರಿ. ಹತ್ತು ಸೆಕೆಂಡಿಗೆ 240 ಚಿತ್ರಗಳು. ಅದರ ಬಾಲದಂಥ ವಯರಿಗೆ ಎಷ್ಟು ತೂಕವಿದೆ, ಎಳೆದರೆ ಎಲ್ಲಿ ಬಾಗುತ್ತದೆ, ಮೇಜಿನ ಮೇಲೆ ಎಲ್ಲಿ ತಡೆಯುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ನೋಡಿದ ಮೇಲೆಯೇ ಮೊದಲನೆಯ ಗೆರೆಯನ್ನು ಎಳೆಯಿರಿ. ಕಣ್ಣುಮೂಗುಗಳನ್ನು ಮಾತ್ರ ಅಂಟಿಸಬೇಡಿರಿ. ಮೌಸು ನಿಜವಾಗಿ ಮಾಡಲಾರದ ಕೆಲಸವನ್ನು ಮಾಡುವುದೆಂದು ಹೇಳಲೂ ಬೇಡಿರಿ. ಅದು ಕುಣಿಯಲಿ, ಮುನಿಯಲಿ, ನಾಚಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಾಡಿದ್ದನ್ನು ಮುಂದಿನ ವಾರ್ಷಿಕೋತ್ಸವಕ್ಕೆ ತೋರಿಸಬಹುದೆಂದು ಅಧ್ಯಕ್ಷರು ತಲೆದೂಗುತ್ತಿದ್ದಾರೆ.

ಇನ್ನು ನನ್ನ ಮಾತು ಸಾಕು. ಅಧ್ಯಾಪಕರು ತೆರೆಯನ್ನು ಇಳಿಬಿಟ್ಟು ಚಿತ್ರವನ್ನು ಸಿದ್ಧಮಾಡಿಟ್ಟಿದ್ದಾರೆ. ಎರಡೇ ನಿಮಿಷ. ಮೊದಲನೆಯ ಸಲ ಕಥೆಯನ್ನು ನೋಡಿರಿ; ಎರಡನೆಯ ಸಲವೂ ತೋರಿಸುತ್ತಾರೆ, ಆಗ ಚೆಂಡನ್ನೂ ದೀಪಗಳನ್ನೂ ಬಿಟ್ಟು ಮೇಜಿನ ಮೇಲೆ ಬೀಳುವ ನೆರಳನ್ನು ಮಾತ್ರ ನೋಡಿರಿ. ಬಾಗಿಲ ಬಳಿ ಇರುವವರು ದಯವಿಟ್ಟು ದೀಪಗಳನ್ನು ಆರಿಸಲಿ.